ಮಾತ್ರೆ ಬೀರುವಿನಲ್ಲೇ ಇತ್ತು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಕನ್ನಡ ಸಂಘದವರು ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ: ‘ವೈದ್ಯರ ಕೊರತೆ ಇರುವ ಕಡೆ ನರ್ಸ್‌ಗಳಿಗೆ ಸ್ವತಂತ್ರವಾಗಿ ಚಿಕಿತ್ಸೆ ನೀಡುವ ಅಧಿಕಾರ ಕೊಡಬೇಕೇ?’ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದೆಂಥ ವಿಷಯ ಅಂತ ನಾವೆಲ್ಲ ಗೊಣಗಿದೆವು. ಚೀಟಿ ಎತ್ತಿದಾಗ ನನಗೆ ಬಂದದ್ದು ‘ವಿರೋಧ’. ಬೇಸರವೇನೂ ಆಗಲಿಲ್ಲ. ವಿರೋಧಿಸಿ ಮಾತಾಡುವುದು ಯಾವಾಗಲೂ ಸುಲಭ, ಚಪ್ಪಾಳೆಯೂ ಜಾಸ್ತಿ.

ಎರಡು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಗೂಗಲ್ ಜಾಲಾಡಿ ತಯಾರಾದೆ. ವೇದಿಕೆ ಹತ್ತಿ, ‘ಎಂಬಿಬಿಎಸ್ ಮುಗಿಸಲು ಐದೂವರೆ ವರ್ಷ ಬೇಕು. ಹಳ್ಳಿಯ ಉಪಕೇಂದ್ರದಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿಗೆ ಆರೇ ತಿಂಗಳ ಕೋರ್ಸ್! ಆರು ತಿಂಗಳು ಓದಿದವರ ಕೈಗೆ ನಿಮ್ಮ ಅಮ್ಮನ ಜೀವ ಕೊಡ್ತೀರಾ?’ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಶಿಳ್ಳೆ ಬಂತು. ಎರಡನೇ ಬಹುಮಾನವೂ ಬಂತು. ಅದೊಂದು ಸ್ಟೀಲ್ ಫ್ಲಾಸ್ಕ್.

ಶನಿವಾರ ಊರಿಗೆ ಬಂದೆ. ನೆಲ್ಯಹುದಿಕೇರಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಕುಶಾಲನಗರದಿಂದ ಸಿದ್ದಾಪುರಕ್ಕೆ ಹೋಗುವಾಗ ಕಾವೇರಿ ಸೇತುವೆಗೆ ಸ್ವಲ್ಪ ಮೊದಲು ಸಿಗುವ ಊರು ನಮ್ಮದು. ಸೇತುವೆ ದಾಟಿದರೆ ಸಿದ್ದಾಪುರ. ಸುತ್ತ ಕಾಫಿ ತೋಟ, ತೋಟದೊಳಗೆ ಲೈನ್‌ಮನೆಗಳು, ಆಗಾಗ ಆನೆ. ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ಮಲಯಾಳ, ಕೊಡವ, ತಮಿಳು, ಈಗೀಗ ಅಸ್ಸಾಮಿ ಕೂಡ ಕಿವಿಗೆ ಬೀಳುತ್ತದೆ. ಮಡಿಕೇರಿಯ ದೊಡ್ಡಾಸ್ಪತ್ರೆಗೆ ತಿರುವುಗಳಲ್ಲಿ ಸುಮಾರು ಒಂದು ಗಂಟೆ ದಾರಿ. ಅಲ್ಲಿಂದಲೂ ‘ಮೈಸೂರಿಗೆ ಕರ್ಕೊಂಡು ಹೋಗಿ’ ಅಂದರೆ ಆ ರಾತ್ರಿ ಮುಗಿಯಿತು. 2019ರಲ್ಲಿ ನಮ್ಮ ಜಿಲ್ಲೆಯ ಹುಡುಗರು ‘ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು’ ಅಂತ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನವನ್ನೇ ಮಾಡಿದ್ದರು.

ಅಪ್ಪ ಬಾಡಿಗೆ ಜೀಪ್ ಓಡಿಸುತ್ತಾರೆ. ಹಗಲು ಕೂಲಿಯವರನ್ನು ತೋಟಕ್ಕೆ ಬಿಡುವುದು, ಕರೆತರುವುದು. ರಾತ್ರಿ ಯಾರಾದರೂ ಬಾಗಿಲು ಬಡಿದರೆ, 108 ಬೇರೆ ಕಡೆ ಹೋಗಿದ್ದರೆ, ಅದೇ ಆಂಬುಲೆನ್ಸ್. ಬಹುಮಾನದ ಕಥೆ ಕೇಳಿ ಅಪ್ಪ ನಕ್ಕರು. ‘ಜೀಪಲ್ಲಿ ಕೂತವರು ನಂಗೆ ಡಾಕ್ಟರೇ ಬೇಕು, ನರ್ಸ್ ಬೇಡ ಅಂತೆಲ್ಲ ಕೇಳೋದಿಲ್ಲ. ಎಲ್ಲಿ ಲೈಟ್ ಉರೀತಾ ಇದೆಯೋ ಅಲ್ಲಿ ನಿಲ್ಸು ಅಂತಾರೆ’ ಅಂದರು.

ಆವತ್ತು ಚಿಕ್ಕಮ್ಮ ಮನೆಗೆ ಬಂದಿದ್ದರು. ಅವರು ಜಿಲ್ಲೆಯ ಇನ್ನೊಂದು ಮೂಲೆಯ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಅಂದರೆ ನಾನು ವೇದಿಕೆ ಮೇಲೆ ಬೈದು ಬಂದ ಹುದ್ದೆ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಚರ್ಚೆ ಗೆಲ್ಲುವ ಹುಮ್ಮಸ್ಸಿನಲ್ಲಿ ಚಿಕ್ಕಮ್ಮನ ಮುಖ ಕಣ್ಣೆದುರು ಬರಲೇ ಇಲ್ಲ. ನಾನು ಫೋನಿನಲ್ಲಿದ್ದ ವಿಡಿಯೊ ತೋರಿಸಿದೆ. ಅವರು ಪೂರ್ತಿ ನೋಡಿದರು. ಸಿಟ್ಟೇನೂ ಮಾಡಿಕೊಳ್ಳಲಿಲ್ಲ.

‘ಚೆನ್ನಾಗಿ ಮಾತಾಡ್ತೀಯ ಮಗಾ. ಆದ್ರೆ ಆರು ತಿಂಗಳಿಗೆ ಮುಂಚಿನ ನಾಲ್ಕು ವರ್ಷ ಎಲ್ಲಿ ಬಿಟ್ಟೆ?’

ನಾಲ್ಕು ವರ್ಷ ಅಂದರೆ ಬಿಎಸ್ಸಿ ನರ್ಸಿಂಗ್. ಅದಾದ ಮೇಲೆ ಅವರು ಮೂರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಪಾಳಿ ಮಾಡಿದ್ದರು. ಆರು ತಿಂಗಳ ಸಮುದಾಯ ಆರೋಗ್ಯ ಕೋರ್ಸ್ ಅದರ ಮೇಲಿನದು. ನಾನು ಮೇಲಿನ ಮಹಡಿಯನ್ನಷ್ಟೇ ತೋರಿಸಿ, ಕೆಳಗೆ ಕಟ್ಟಡವೇ ಇಲ್ಲ ಎಂದು ನಂಬಿಸಿ ಬಂದಿದ್ದೆ. ಮುನ್ನೂರು ಜನರಲ್ಲಿ ಒಬ್ಬರೂ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ರಾತ್ರಿ ಊಟ ಆದ ಮೇಲೆ ಅವರು ಒಂದು ಘಟನೆ ಹೇಳಿದರು. ಊರು, ಹೆಸರು ಬೇಡ.

ಉಪಕೇಂದ್ರದ ಕೆಲಸ ಹೇಗೆ ನಡೆಯುತ್ತದೆ ಎಂಬುದು ತಿಳಿಯದಿದ್ದರೆ ಆ ಘಟನೆ ಅರ್ಥವಾಗುವುದಿಲ್ಲ. ಗುಡ್ಡಗಾಡು ಪ್ರದೇಶದಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಇರಬೇಕು ಎಂಬುದು ನಿಯಮ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ಈ ಉಪಕೇಂದ್ರಗಳನ್ನು ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ ಮಾಡಲು ಹೊರಟು, ಹೆಚ್ಚಿನ ಕಡೆ ನರ್ಸಿಂಗ್ ಓದಿದವರನ್ನೇ ಸಮುದಾಯ ಆರೋಗ್ಯ ಅಧಿಕಾರಿ ಎಂದು ಕೂರಿಸಿದರು. ಈಗ ಬೋರ್ಡಿನಲ್ಲಿ ‘ಆಯುಷ್ಮಾನ್ ಆರೋಗ್ಯ ಮಂದಿರ’ ಅಂತಿದೆ. ಜನಕ್ಕೆ ಮಾತ್ರ ಅದು ಈಗಲೂ ‘ಸಿಸ್ಟರ್ ಆಸ್ಪತ್ರೆ’. ಮೂವತ್ತು ದಾಟಿದವರ ಬಿಪಿ, ಸಕ್ಕರೆ ಅವರು ನೋಡುತ್ತಾರೆ. ಜಾಸ್ತಿ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿನ ವೈದ್ಯಾಧಿಕಾರಿ ನೋಡಿ ಮಾತ್ರೆ ಶುರು ಮಾಡಬೇಕು. ಆಮೇಲೆ ತಿಂಗಳು ತಿಂಗಳೂ ಅದೇ ಮಾತ್ರೆಯನ್ನು ಉಪಕೇಂದ್ರದಲ್ಲಿ ಕೊಡಬಹುದು. ಅಂದರೆ ಮಾತ್ರೆ ಸಿಸ್ಟರ್ ಬೀರುವಿನಲ್ಲಿ ಇರುತ್ತದೆ, ಹತ್ತನೇ ಸಲ ಕೊಡುವ ಅಧಿಕಾರವೂ ಇರುತ್ತದೆ. ಮೊದಲನೇ ಸಲ ಕೊಡುವ ಅಧಿಕಾರ ಇಲ್ಲ.

ಕಾಫಿ ಕೊಯ್ಲಿನ ಸಮಯ. ಲೈನ್‌ಮನೆಯ ಒಬ್ಬ ಹೆಂಗಸು, ಐವತ್ತರ ಆಸುಪಾಸು, ತಲೆಸುತ್ತು ಎಂದು ಬಂದರು. ಬಿಪಿ ತುಂಬಾ ಜಾಸ್ತಿ ಇತ್ತು. ಅರ್ಧ ಗಂಟೆ ಕೂರಿಸಿ ಮತ್ತೆ ನೋಡಿದರೂ ಇಳಿದಿರಲಿಲ್ಲ. ಚಿಕ್ಕಮ್ಮ ಚೀಟಿ ಬರೆದು, ‘ಇವತ್ತೇ ಹೋಗಿ’ ಎಂದರು. ಆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಎರಡು ಕೇಂದ್ರಗಳ ಜವಾಬ್ದಾರಿ. ಆವತ್ತು ಅವರು ಇನ್ನೊಂದು ಕಡೆ ಇದ್ದರು. ವಿಡಿಯೊ ಮೂಲಕ ಡಾಕ್ಟರನ್ನು ಕೇಳಲು ಇ-ಸಂಜೀವಿನಿ ಇದೆಯಲ್ಲ ಅಂದೆ. ‘ಇದೆ. ನೆಟ್‌ವರ್ಕ್ ಸಿಗೋದು ಸೆಂಟರ್ ಹಿಂದಿನ ಸಿಲ್ವರ್ ಓಕ್ ಮರದ ಬುಡದಲ್ಲಿ ಮಾತ್ರ. ಅವರನ್ನ ಅಲ್ಲೇ ಕುರ್ಚಿ ಹಾಕಿ ಕೂರಿಸಿದೆ. ಡಾಕ್ಟರ್ ಮುಖ ಬಂತು, ಮಾತು ಬರ್ಲಿಲ್ಲ. ಆಮೇಲೆ ಮುಖಾನೂ ಹೋಯ್ತು.’

ಆ ಹೆಂಗಸು ಮಾರನೇ ದಿನ ಕೆಲಸ ಬಿಟ್ಟು ಬಸ್ಸಿನಲ್ಲಿ ಹೋದರು. ಆವತ್ತು ವೈದ್ಯರು ತಾಲ್ಲೂಕು ಮೀಟಿಂಗಿಗೆ ಹೋಗಿದ್ದರು. ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು. ವರ್ಷದಲ್ಲಿ ನಾಲ್ಕು ಕಾಸು ಕೈಯಲ್ಲಿ ಉಳಿಯುವುದು ಆ ಒಂದೆರಡು ತಿಂಗಳು ಮಾತ್ರ. ಮೂರನೇ ಸಲ ಅವರು ಹೋಗಲಿಲ್ಲ. ಚಿಕ್ಕಮ್ಮ ಆಶಾ ಕಾರ್ಯಕರ್ತೆಯ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದರು. ‘ಕೊಯ್ಲು ಮುಗೀಲಿ ಸಿಸ್ಟರ್, ಹೋಗ್ತೀನಿ’ ಎಂಬ ಉತ್ತರ ಬಂತು.

ಕೊಯ್ಲು ಮುಗಿಯುವ ಮೊದಲೇ ಅವರು ಕಾಫಿ ಗಿಡದ ಬುಡದಲ್ಲಿ ಕುಸಿದರು. ಲಕ್ವ. ಬಲಗೈ, ಬಲಗಾಲು ಬಿದ್ದುಹೋಯಿತು. ಬದುಕಿದ್ದಾರೆ. ಲೈನ್‌ಮನೆಯ ಜಗುಲಿಯಲ್ಲಿ ಕೂತಿರುತ್ತಾರೆ. ಚಿಕ್ಕಮ್ಮ ಆ ದಾರಿಯಲ್ಲಿ ಹೋದರೆ ಎಡಗೈ ಎತ್ತುತ್ತಾರಂತೆ.

‘ಆಮ್ಲೋಡಿಪಿನ್ ಐದು ಮಿಲಿಗ್ರಾಂ. ನನ್ನ ಬೀರುವಿನಲ್ಲೇ ಇತ್ತು. ಪಕ್ಕದ ಮನೆಯವರಿಗೆ ಅದೇ ಸ್ಟ್ರಿಪ್ ಅವತ್ತು ಬೆಳಗ್ಗೆ ಕೊಟ್ಟಿದ್ದೆ.’

‘ಕೊಟ್ಟಿದ್ರೆ ಲಕ್ವ ಆಗ್ತಿರ್ಲಿಲ್ವಾ?’

‘ಯಾರಿಗೆ ಗೊತ್ತು? ಆಗ್ತಿತ್ತೇನೋ. ಆದ್ರೆ ನಾನು ಕೊಡ್ಲಿಲ್ಲ. ಕೊಟ್ಟು ಏನಾದ್ರೂ ಆಗಿದ್ರೆ ನನ್ನ ಹಿಂದೆ ಯಾರು ನಿಲ್ತಿದ್ರು ಹೇಳು? ನಂದು ಕಾಂಟ್ರ್ಯಾಕ್ಟ್ ಕೆಲಸ.’

ಅಮ್ಮ ಎದ್ದು ಅಡುಗೆಮನೆಗೆ ಹೋದರು. ನನಗೆ ಆ ಫ್ಲಾಸ್ಕ್ ಎಲ್ಲಾದರೂ ಬಚ್ಚಿಡಬೇಕು ಅನ್ನಿಸಿತು.

ಹಾಗಂತ ನಾನು ವೇದಿಕೆಯಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತಲ್ಲ. ನನ್ನ ಸಿಟ್ಟಿಗೆ ಬೇರೊಂದು ಕಾರಣವೂ ಇತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜನಿಗೆ ಒಂದು ಸಂಜೆ ಎದೆ ಉರಿ ಶುರುವಾಯಿತು. ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆವು. ಡಾಕ್ಟರ್ ಊರಲ್ಲಿರಲಿಲ್ಲ. ಅಲ್ಲಿದ್ದ ನರ್ಸ್ ‘ಗ್ಯಾಸ್ಟ್ರಿಕ್’ ಎಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ರಾತ್ರಿ ಹನ್ನೊಂದಕ್ಕೆ ಅಜ್ಜ ಬೆವರತೊಡಗಿದರು. ಅಪ್ಪ ಜೀಪು ತೆಗೆದರು. ಕುಶಾಲನಗರ, ಪಿರಿಯಾಪಟ್ಟಣ ದಾಟಿದೆವು. ಹುಣಸೂರು ಬರುವ ಮೊದಲೇ ಎಲ್ಲ ಮುಗಿದಿತ್ತು. ಅದು ಹಾರ್ಟ್ ಅಟ್ಯಾಕ್ ಅಂತ ಆಮೇಲೆ ಹೇಳಿದರು.

ಈಗ ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಇಸಿಜಿ ಯಂತ್ರದೊಳಗೆ ಇರುವಂಥ ಆಂಪ್ಲಿಫಯರ್ ಸರ್ಕ್ಯೂಟನ್ನು ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮೇಲೆ ನಾವೇ ಕಟ್ಟಿದ್ದೇವೆ. ಆವತ್ತು ಅದು ಸರಿಯಾಗಿ ಕೆಲಸ ಮಾಡಿದಾಗ ಗೆಳೆಯರು ಕುಣಿದರು. ನಾನು ಹೊರಗೆ ಹೋಗಿ ನೀರು ಕುಡಿದು ಬಂದೆ.

ಇದನ್ನೂ ಚಿಕ್ಕಮ್ಮನ ಮುಂದೆ ಇಟ್ಟೆ. ಅಜ್ಜ ಎಂದರೆ ಅವರ ಅಪ್ಪನೇ ಅಲ್ಲವೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಆ ನರ್ಸಿಗೆ ಎದೆನೋವು ಬಂದ್ರೆ ಮೊದಲು ಏನು ನೋಡ್ಬೇಕು, ಏನನ್ನ ಮುಟ್ಟಲೇಬಾರ್ದು ಅಂತ ಯಾರೂ ಬರೆದುಕೊಟ್ಟಿರ್ಲಿಲ್ಲ. ಇಸಿಜಿ ಮೆಷಿನ್ ಇರ್ಲಿಲ್ಲ. ಡಾಕ್ಟರ್ ಇಲ್ದೇ ಇದ್ದಾಗ ಅವಳೇ ಡಾಕ್ಟರ್, ಇದ್ದಾಗ ಬರೀ ಸಿಸ್ಟರ್. ಅಪ್ಪನ್ನ ಕಳ್ಕೊಂಡಿದ್ದು ನರ್ಸಿಗೆ ಅಧಿಕಾರ ಕೊಟ್ಟಿದ್ದಕ್ಕಲ್ಲ ಮಗಾ. ಕೊಡದೇ ಕೆಲಸ ಮಾಡಿಸ್ಕೊಂಡಿದ್ದಕ್ಕೆ.’

ಆ ಮಾತು ನನ್ನನ್ನು ವಾರಗಟ್ಟಲೆ ಕಾಡಿತು. ಮತ್ತೆ ಗೂಗಲ್ ತೆರೆದೆ. ಈ ಸಲ ಗೆಲ್ಲುವುದಕ್ಕಾಗಿ ಅಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ‘ಸಮುದಾಯ ಆರೋಗ್ಯ ಸೇವಾದಾರರು’ ಎಂಬ ಮಾತಿದೆ. ಆಧುನಿಕ ವೈದ್ಯಕೀಯಕ್ಕೆ ಸಂಬಂಧಪಟ್ಟ, ಅರ್ಹತೆ ಪಡೆದ ವ್ಯಕ್ತಿಗಳಿಗೆ ಸೀಮಿತ ಪರವಾನಗಿ ಕೊಡಬಹುದು. ಪ್ರಾಥಮಿಕ ಚಿಕಿತ್ಸೆ ಮತ್ತು ರೋಗ ತಡೆಗೆ ಸಂಬಂಧಿಸಿ ನಿಗದಿಪಡಿಸಿದ ಔಷಧಿಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು. ಅದರಾಚೆಗೆ ವೈದ್ಯರ ಮೇಲ್ವಿಚಾರಣೆ ಬೇಕು. ಇಂಥವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಇದು ನಕಲಿ ವೈದ್ಯರಿಗೆ ಪರವಾನಗಿ ಎಂದು ಭಾರತೀಯ ವೈದ್ಯಕೀಯ ಸಂಘ ಕಿಡಿಕಾರಿತು. 2019ರ ಜುಲೈ 31ರಂದು ದೇಶದಾದ್ಯಂತ 24 ಗಂಟೆ ವೈದ್ಯರ ಮುಷ್ಕರವೂ ನಡೆಯಿತು.

ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನಾಂಕ ಓದಿ ಬೆಚ್ಚಿದೆ. 2019ರ ಆಗಸ್ಟ್ 8. ನಮ್ಮೂರಿಗೆ ಕಾವೇರಿ ನುಗ್ಗಿದ್ದು ಅದೇ ವಾರ.

ಆಗ ನನಗೆ ಹದಿನಾಲ್ಕು. ಬೆಟ್ಟದಕಾಡು, ಕುಂಬಾರಗುಂಡಿ ಕಡೆಯ ಹೊಳೆದಡದ ಮನೆಗಳು ಕೊಚ್ಚಿಹೋದವು. ಜನ ಪರಿಹಾರ ಕೇಂದ್ರ ಸೇರಿದರು. ನಾವು ಹುಡುಗರು ಚಾಪೆ ಹಾಸುವುದು, ಬಿಸಿನೀರು ಕೊಡುವುದು ಮಾಡುತ್ತಿದ್ದೆವು. ವೈದ್ಯರು ಬರುತ್ತಿದ್ದರು, ಆದರೆ ಅವರಿಗೆ ಇಂಥ ಎಷ್ಟೋ ಕೇಂದ್ರಗಳಿದ್ದವು. ದಿನವಿಡೀ ಇದ್ದದ್ದು ಸಿಸ್ಟರ್ ಒಬ್ಬರೇ. ವಯಸ್ಸಾದವರ ಬಿಪಿ ಮಾತ್ರೆ, ಶುಗರ್ ಮಾತ್ರೆ, ಆಸ್ಪತ್ರೆ ಚೀಟಿ ಎಲ್ಲ ಹೊಳೆ ಪಾಲಾಗಿತ್ತು. ‘ಯಾವ ಮಾತ್ರೆ ತಗೊಳ್ತಿದ್ರಿ ಅಜ್ಜಿ?’ ‘ಬಿಳೀದು, ಸಣ್ಣದು.’ ಸಿಸ್ಟರ್ ತಮ್ಮ ಡಬ್ಬಿಯಿಂದ ಒಂದೊಂದೇ ಮಾತ್ರೆ ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. ‘ಇದಾ? ಇದಾ?’ ಬಿಪಿ ನೋಡಿ, ಕಾಲಿನ ಊತ ಒತ್ತಿ ನೋಡಿ, ಹಳೇ ಕಾಯಿಲೆ ಕೇಳಿ, ಒಂದು ತೀರ್ಮಾನ ಮಾಡಿ ಕೊಡುತ್ತಿದ್ದರು. ಅದು ಅಕ್ಷರಶಃ ಸ್ವತಂತ್ರ ವೈದ್ಯಕೀಯ. ಯಾವ ಸೆಕ್ಷನ್ ಪ್ರಕಾರ ಅಂತ ಯಾರೂ ಕೇಳಲಿಲ್ಲ. ನೀರು ಇಳಿದ ಮೇಲೆ ಅವರು ಮತ್ತೆ ‘ಡಾಕ್ಟರನ್ನ ಕೇಳಿ’ ಎನ್ನುವ ಸಿಸ್ಟರ್ ಆದರು.

ನನಗೆ ಈಗ ಅನ್ನಿಸುವುದು ಇಷ್ಟೇ: ನರ್ಸ್‌ಗಳು ಸ್ವತಂತ್ರವಾಗಿ ಕೆಲಸ ಮಾಡಬೇಕೇ ಎಂಬ ಪ್ರಶ್ನೆ ನಮ್ಮ ಕಡೆ ಎಂದೋ ಹಳತಾಗಿದೆ. ಮಾಡುತ್ತಲೇ ಇದ್ದಾರೆ. ಹೊಳೆ ಉಕ್ಕಿದಾಗ, ರಾತ್ರಿಯಾದಾಗ, ಡಾಕ್ಟರ್ ಮೀಟಿಂಗಿಗೆ ಹೋದಾಗ. ಅದನ್ನು ಒಪ್ಪಿಕೊಂಡು, ಕಲಿಸಿ, ಎಲ್ಲಿಯವರೆಗೆ ಎಂದು ಬರೆದುಕೊಟ್ಟು, ತಪ್ಪಾದರೆ ಜೊತೆಗೆ ನಿಲ್ಲುತ್ತೇವೋ ಅಥವಾ ಕಣ್ಣು ಮುಚ್ಚಿಕೊಂಡು ಮಾಡಿಸಿಕೊಳ್ಳುತ್ತೇವೋ ಎಂಬುದು ಉಳಿದಿರುವ ಪ್ರಶ್ನೆ.

ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಈಗ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದಾನೆ. ಅವನಿಗೆ ಫೋನ್ ಮಾಡಿದೆ. ಒಂದೂವರೆ ಗಂಟೆ ಜಗಳ. ‘ಲೋ, ನಿಮ್ಮ ತೋಟದಲ್ಲಿ ಹಾವು ಕಚ್ಚುತ್ತಲ್ಲ, ಸಿಸ್ಟರ್ ಔಷಧಿ ಕೊಡ್ಬೋದಾ ಹೇಳು’ ಎಂದ. ನಮ್ಮಲ್ಲಿ ಸಿಗುವ ಹಾವಿನ ವಿಷದ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮಘಟ್ಟದ ತೋಟಗಳಲ್ಲಿ ತರಗೆಲೆಯೊಳಗೆ ಮಲಗುವ ‘ಹಂಪ್ ನೋಸ್ಡ್ ಪಿಟ್ ವೈಪರ್’ ಎಂಬ ಪುಟ್ಟ ಹಾವು ಕಚ್ಚಿದರೆ ಅದು ಕೆಲಸ ಮಾಡುವುದಿಲ್ಲ. ಆ ಹಾವಿನ ವಿಷದಿಂದ ಕಿಡ್ನಿಗೂ ಪೆಟ್ಟಾಗಬಹುದು. ಔಷಧಿಯಿಂದಲೇ ಮೈ ನವೆ, ಉಸಿರುಕಟ್ಟು ಶುರುವಾಗಬಹುದು. ‘ಇದನ್ನೆಲ್ಲ ನೋಡಿ ತೀರ್ಮಾನ ಮಾಡೋಕೆ ನಮಗೇ ಕೈ ನಡುಗುತ್ತೆ’ ಎಂದ. ನಾನು ಒಪ್ಪಿಕೊಂಡೆ. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ಅದು ಒಳ್ಳೆಯದೇ, ಆದರೆ ವರದಿ ಬರೆಯಲು ಮೊದಲು ಆ ಮನುಷ್ಯ ಬದುಕಬೇಕು.

ಅವನ ಇನ್ನೊಂದು ಮಾತು ನನಗೆ ಉತ್ತರವೇ ಸಿಗದಂಥದ್ದು. ‘ಸರ್ಕಾರಕ್ಕೆ ಇದು ಅಗ್ಗದ ದಾರಿ. ನರ್ಸ್‌ಗಳನ್ನ ಕೂರಿಸಿ ಡಾಕ್ಟರ್ ಹುದ್ದೆ ಖಾಲಿ ಬಿಡ್ತಾರೆ. ಬೆಂಗಳೂರಿನವರಿಗೆ ಎಂ.ಡಿ., ಲೈನ್‌ಮನೆಯವರಿಗೆ ಸಿಸ್ಟರ್. ಅದಕ್ಕೂ ನೀನು ಚಪ್ಪಾಳೆ ಹೊಡೀತೀಯಾ?’

ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಲೆಕ್ಕದ ಪ್ರಕಾರ ದೇಶದಲ್ಲಿ ವೈದ್ಯರ ಕೊರತೆಯೇ ಇಲ್ಲ! ಆಯುಷ್ ವೈದ್ಯರನ್ನೂ ಸೇರಿಸಿದರೆ 834 ಜನರಿಗೆ ಒಬ್ಬ ವೈದ್ಯರಿದ್ದಾರೆ ಎಂದು ಕೇಂದ್ರ ಸರ್ಕಾರ 2022ರಲ್ಲಿ ಸಂಸತ್ತಿಗೆ ತಿಳಿಸಿತು. ಸಾವಿರಕ್ಕೊಬ್ಬರಿದ್ದರೆ ಸಾಕು ಎಂಬ ಮಾನದಂಡಕ್ಕಿಂತ ಇದು ಚೆನ್ನಾಗಿಯೇ ಇದೆ. ಆದರೆ ಅದೇ ಸರ್ಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶ ತೆರೆದರೆ, ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞ ವೈದ್ಯರಲ್ಲಿ ಸುಮಾರು ಶೇ 80ರಷ್ಟು ಕೊರತೆ. ವೈದ್ಯರು ಇದ್ದಾರೆ, ಇಲ್ಲಿಲ್ಲ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಹಳ್ಳಿಯಲ್ಲಿ ಸೇವೆ ಮಾಡಬೇಕು ಎಂದು ಕರ್ನಾಟಕ 2012ರಲ್ಲೇ ಕಾಯ್ದೆ ಮಾಡಿತು. ಬರುತ್ತಾರೆ, ಒಳ್ಳೆಯವರೂ ಬರುತ್ತಾರೆ. ಒಂದು ವರ್ಷ ತುಂಬುವಷ್ಟರಲ್ಲಿ ಪಿಜಿ ಪರೀಕ್ಷೆ. ಅವರನ್ನು ನಾನು ದೂರುವುದಿಲ್ಲ. ನಾನೇ ಬಿ.ಇ. ಮುಗಿಸಿ ನೆಲ್ಯಹುದಿಕೇರಿಯಲ್ಲಿ ಇರುತ್ತೇನಾ? ಎದೆ ಮುಟ್ಟಿ ಹೇಳಬೇಕೆಂದರೆ, ಇಲ್ಲ.

ನರ್ಸ್‌ಗಳೂ ಇರುವುದಿಲ್ಲ. ನಮ್ಮ ಕಡೆಯಿಂದ ಗಲ್ಫ್‌ಗೆ, ಬ್ರಿಟನ್‌ಗೆ, ಐರ್ಲೆಂಡ್‌ಗೆ ಹೋಗುವವರನ್ನು ನೋಡುತ್ತಲೇ ಬೆಳೆದಿದ್ದೇವೆ. ಬ್ರಿಟನ್ನಿನಲ್ಲಿ ಪ್ರತ್ಯೇಕ ತರಬೇತಿ ಪಡೆದ ನರ್ಸ್‌ಗಳು 2006ರಿಂದ ತಮ್ಮ ಪರಿಣತಿಯ ಮಿತಿಯಲ್ಲಿ ಸ್ವತಂತ್ರವಾಗಿ ಔಷಧಿ ಬರೆಯಬಹುದು. ಇಲ್ಲಿ ‘ಡಾಕ್ಟರನ್ನ ಕೇಳಿ’ ಎನ್ನುತ್ತಿದ್ದವರು ಅಲ್ಲಿಗೆ ಹೋಗಿ, ಆ ಕೋರ್ಸ್ ಮುಗಿಸಿದರೆ ತಾವೇ ಸಹಿ ಹಾಕಬಹುದು.

ಹೊರಗಿನ ಪುರಾವೆಗಳೂ ಒಂದೇ ದಿಕ್ಕಿಗೆ ಕೈ ತೋರಿಸುವುದಿಲ್ಲ. ‘ನರ್ಸ್ ಪ್ರಾಕ್ಟೀಷನರ್’ ಎಂಬ ಹುದ್ದೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯ ಸೇರಿ ಶುರು ಮಾಡಿದ್ದು. ಇಂದು ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇವರಿಗೆ ಪೂರ್ಣ ಸ್ವಾತಂತ್ರ್ಯವಿದೆ. 2000ದಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ 1,316 ರೋಗಿಗಳನ್ನು ಲಾಟರಿ ಎತ್ತಿದಂತೆ ಹಂಚಿ, ಕೆಲವರನ್ನು ವೈದ್ಯರಿಗೆ, ಕೆಲವರನ್ನು ನರ್ಸ್ ಪ್ರಾಕ್ಟೀಷನರ್‌ಗಳಿಗೆ ತೋರಿಸಿದರು. ಆರು ತಿಂಗಳ ಬಳಿಕ ಎರಡೂ ಗುಂಪಿನವರ ಆರೋಗ್ಯ ಹೆಚ್ಚುಕಡಿಮೆ ಒಂದೇ ಥರ ಇತ್ತು. ಇದನ್ನು ನಾನು ಚರ್ಚೆಗೆ ಮೊದಲೇ ಓದಿದ್ದೆ. ಹೇಳಲಿಲ್ಲ. ನಾನು ಹೇಳಿದ್ದು 2022ರ ಇನ್ನೊಂದನ್ನು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ಘಟಕಗಳಲ್ಲಿ ವೈದ್ಯರ ಬದಲು ನರ್ಸ್ ಪ್ರಾಕ್ಟೀಷನರ್ ನೋಡಿದಾಗ ರೋಗಿ ಅಲ್ಲಿ ಕಳೆಯುವ ಸಮಯ ಶೇ 11ರಷ್ಟು, ತಪ್ಪಿಸಬಹುದಾಗಿದ್ದ ದಾಖಲಾತಿಗಳು ಶೇ 20ರಷ್ಟು ಹೆಚ್ಚಾದವು ಎಂದು ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಹೊಳೆಯುತ್ತದೆ. ಮೊದಲನೆಯದು ಬಿಪಿ, ಶುಗರ್, ಅಸ್ತಮಾದಂಥ ದಿನನಿತ್ಯದ ಕಾಯಿಲೆ. ಎರಡನೆಯದು ತುರ್ತು ಘಟಕ, ಎಂದರೆ ಅಜ್ಜನ ಎದೆನೋವು. ಅದಕ್ಕಿಂತ ಮುಖ್ಯವಾಗಿ, ಎರಡೂ ಕಡೆ ನರ್ಸ್‌ಗೆ ಬದಲಿಯಾಗಿ ಡಾಕ್ಟರ್ ಇದ್ದರು. ನಮ್ಮಲ್ಲಿ ಸಿಸ್ಟರ್‌ಗೆ ಬದಲಿ ಯಾರು? ಮೆಡಿಕಲ್ ಶಾಪಿನ ಹುಡುಗ, ಇಲ್ಲವೇ ಯಾರೂ ಇಲ್ಲ.

ನಮ್ಮ ದೇಶದ ಪಾಠವೂ ಇದೆ. ಛತ್ತೀಸ್‌ಗಢ 2001ರ ನಂತರ ಮೂರು ವರ್ಷದ ಕೋರ್ಸ್ ಮಾಡಿ ‘ಗ್ರಾಮೀಣ ವೈದ್ಯಕೀಯ ಸಹಾಯಕ’ರನ್ನು ಹಳ್ಳಿಗೆ ಕಳಿಸಿತು. 2010ರ ಅಧ್ಯಯನವೊಂದು, ಪ್ರಾಥಮಿಕ ಕೇಂದ್ರದ ಸಾಮಾನ್ಯ ಕಾಯಿಲೆಗಳನ್ನು ನಿಭಾಯಿಸುವುದರಲ್ಲಿ ಇವರು ಎಂಬಿಬಿಎಸ್ ವೈದ್ಯರಿಗೆ ಸಮನಾಗಿದ್ದಾರೆ ಎಂದಿತು. ಅಷ್ಟರಲ್ಲಿ ಕೋರ್ಸೇ ನಿಂತುಹೋಗಿತ್ತು. ಅಸ್ಸಾಂನ ಜೋರ್ಹಾಟ್‌ನ ಅಂಥದ್ದೇ ಡಿಪ್ಲೊಮಾ ಕೋರ್ಟ್ ಮೆಟ್ಟಿಲೇರಿತು. ಅದಕ್ಕಾಗಿ ಮಾಡಿದ್ದ 2004ರ ರಾಜ್ಯ ಕಾಯ್ದೆ ಅಸಿಂಧು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೆ ಓದಿ ಬಂದವರು ಸಮುದಾಯ ಆರೋಗ್ಯ ಸಿಬ್ಬಂದಿಯಾಗಿ ಉಳಿಯಲು ದಾರಿ ಮಾಡಿದ್ದ ನಂತರದ ಕಾಯ್ದೆಯನ್ನು ಎತ್ತಿಹಿಡಿಯಿತು. ಇವರು ನರ್ಸ್‌ಗಳಲ್ಲ, ನಿಜ. ಆದರೆ ನಮ್ಮ ತೋಟಕ್ಕೆ ಬರುವ ಅಸ್ಸಾಂ ಕಾರ್ಮಿಕರು ಅಲ್ಲಿ ಇಂಥವರ ಕೈಯಲ್ಲಿ ಔಷಧಿ ತೆಗೆದುಕೊಂಡೇ ಬಂದಿರಬಹುದಲ್ಲ ಅನ್ನಿಸಿತು.

ನರ್ಸ್‌ಗಳಿಗಾಗಿಯೇ ಇರುವ ದಾರಿಗಳು ನಮ್ಮಲ್ಲೂ ಇವೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಎರಡು ವರ್ಷದ ‘ನರ್ಸ್ ಪ್ರಾಕ್ಟೀಷನರ್’ ಸ್ನಾತಕೋತ್ತರ ಕೋರ್ಸ್ ತೀವ್ರ ನಿಗಾ ಘಟಕಕ್ಕೆ ಸಂಬಂಧಿಸಿದ್ದು, ಅಂದರೆ ದೊಡ್ಡಾಸ್ಪತ್ರೆಯೊಳಗೆ. ಹೆರಿಗೆಗಾಗಿ 18 ತಿಂಗಳ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರಿಗೇ ಬಿಡಬೇಕು ಎಂದು ಕೇಂದ್ರ 2018ರಲ್ಲಿ ಮಾರ್ಗಸೂಚಿ ತಂದಿದೆ. ಉಪಕೇಂದ್ರದಲ್ಲಿ ಕೂತ ನನ್ನ ಚಿಕ್ಕಮ್ಮನ ಬೀರುವಿಗೆ ಇವೆರಡೂ ತಲುಪುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ‘ಲಿಮಿಟ್ ಸ್ವಿಚ್’ ಎಂಬ ಸಣ್ಣ ಸಾಧನ ಇದೆ. ಲಿಫ್ಟಿನಲ್ಲೂ ಇರುತ್ತದೆ. ಮೋಟಾರು ತನ್ನಷ್ಟಕ್ಕೆ ಓಡುತ್ತದೆ, ಹೆಜ್ಜೆ ಹೆಜ್ಜೆಗೂ ಯಾರನ್ನೂ ಕೇಳುವುದಿಲ್ಲ. ಗೆರೆ ತಲುಪಿತೋ, ಸ್ವಿಚ್ ತಗಲಿ ನಿಲ್ಲುತ್ತದೆ. ಇಂಥ ಗೆರೆಯನ್ನು ಕಾಗದದ ಮೇಲೆ ಎಳೆಯುವುದು ಅಷ್ಟು ಕಷ್ಟವೇ? ಬಿಪಿ ಇಷ್ಟು ದಾಟಿದರೆ, ಎರಡು ಸಲ ನೋಡಿ, ಬೇರೆ ತೊಂದರೆ ಇಲ್ಲದಿದ್ದರೆ ಮೊದಲ ಮಾತ್ರೆ ಸಿಸ್ಟರೇ ಶುರು ಮಾಡಲಿ, ಜೊತೆಗೇ ಡಾಕ್ಟರಿಗೂ ಕಳಿಸಲಿ. ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ 2017ರಲ್ಲಿ ಶುರುವಾದಾಗಿನಿಂದ ಯಾವ ಮಾತ್ರೆ, ಎಷ್ಟು, ಇಳಿಯದಿದ್ದರೆ ಮುಂದೇನು ಎಂಬುದೆಲ್ಲ ಒಂದು ಹಾಳೆಯಷ್ಟು ಸರಳವಾಗಿದೆ. ಸಕ್ಕರೆ, ಸಾಮಾನ್ಯ ಜ್ವರ, ಹಳೇ ಮಾತ್ರೆ ಮುಂದುವರಿಸುವುದು, ಗರ್ಭಿಣಿಯರ ನಿಯಮಿತ ತಪಾಸಣೆ ಇವೆಲ್ಲ ಗೆರೆಯ ಈಚೆ. ಎದೆನೋವು ಗೆರೆಯ ಆಚೆ, ಆದರೆ ಇಸಿಜಿ ತೆಗೆಯುವುದು ಈಚೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಆ ತಂತಿ ಉಪಕೇಂದ್ರದವರೆಗೆ ಬರಲಿ. ಹಾವಿನ ವಿಚಾರದಲ್ಲಿ ನನ್ನ ಗೆಳೆಯನ ಮಾತೇ ಇರಲಿ. ಮಲಗಿಸಿ, ಕಚ್ಚಿದ ಅಂಗ ಅಲ್ಲಾಡದಂತೆ ಮಾಡಿ, ಗಾಡಿ ಹತ್ತಿಸಬೇಕು.

ಗೆರೆ ಎಳೆದರೆ ಸಾಲದು ಅಂತಲೂ ಗೊತ್ತು. ಗುತ್ತಿಗೆ ಕೆಲಸದವರ ಕೈಗೆ ಕಾನೂನಿನ ಅಧಿಕಾರ ಕೊಟ್ಟು, ನೋಟಿಸ್ ಬಂದಾಗ ಕೈ ಬಿಟ್ಟರೆ ಅದು ಅಧಿಕಾರವಲ್ಲ, ಬಲೆ. ಇನ್ನು ಗೆಳೆಯ ಹೇಳಿದ ಅಗ್ಗದ ದಾರಿಯ ಮಾತು. ನರ್ಸ್‌ಗೆ ಅಧಿಕಾರ ಕೊಟ್ಟ ಕೇಂದ್ರದ ಮೇಲಿನ ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಖಾಲಿ ಇರಕೂಡದು ಎಂದು ಅದೇ ಆದೇಶದಲ್ಲಿ ಬರೆಯಬೇಕು ಅನ್ನುತ್ತೇನೆ ನಾನು. ‘ಬರೀತಾರೆ, ಪಾಲಿಸ್ತಾರಾ?’ ಅನ್ನುತ್ತಾನೆ ಅವನು. ಇಲ್ಲಿ ನಾನು ಸೋತೆ. ಆದರೂ ಆ ಸಂಶಯಕ್ಕಾಗಿ ಇವತ್ತು ತಲೆಸುತ್ತು ಎಂದು ಬಂದವರನ್ನು ಬರಿಗೈಯಲ್ಲಿ ಕಳಿಸು ಎಂದು ನಾನು ಚಿಕ್ಕಮ್ಮನಿಗೆ ಹೇಳಲಾರೆ.

ಸೆಮಿಸ್ಟರ್ ರಜೆಯಲ್ಲಿ ಎರಡು ದಿನ ಅವರ ಉಪಕೇಂದ್ರಕ್ಕೆ ಹೋಗಿದ್ದೆ. ಫ್ಲಾಸ್ಕ್ ಈಗ ಅವರ ಮೇಜಿನ ಮೇಲಿದೆ, ಬಹುಮಾನದ ಸ್ಟಿಕ್ಕರ್ ಕೂಡ ತೆಗೆದಿಲ್ಲ. ಮಳೆ ಸುರಿಯುತ್ತಿತ್ತು. ಮರದ ಕಪಾತು ಮಾಡುವ ಒಬ್ಬರು ಬಂದು ಕೂತರು. ಚಿಕ್ಕಮ್ಮ ಅವರಿಗೆ ಕಾಫಿ ಬಗ್ಗಿಸಿಕೊಡಲು ಹೋಗಿ, ‘ಬೇಡ, ಮೊದಲು ಬಿಪಿ ನೋಡ್ತೀನಿ’ ಎಂದು ಮುಚ್ಚಳ ಹಾಕಿದರು. ಪಟ್ಟಿ ಕಟ್ಟಿ ನೋಡಿದರು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರು. ಬೀರುವಿನ ಕಡೆ ಒಮ್ಮೆ ನೋಡಿದರು. ಆಮೇಲೆ ಚೀಟಿಯಲ್ಲಿ ‘ರೆಫರ್’ ಎಂದು ಬರೆದು, ಅದರ ಕೆಳಗೆ ಡಾಕ್ಟರ್ ಇರುವ ದಿನ ಬರೆದು, ಅದರ ಕೆಳಗೆ ಬಸ್ಸಿನ ಟೈಮನ್ನೂ ಬರೆದರು. ಬೆಳಗ್ಗೆ 8.20. ‘ತಪ್ಪಿದ್ರೆ ಮುಂದಿನದು ಹನ್ನೊಂದೂ ನಲ್ವತ್ತಕ್ಕೆ. ಅಷ್ಟೊತ್ತಿಗೆ ಟೋಕನ್ ಮುಗಿದಿರುತ್ತೆ ಅಣ್ಣಾ.’